ಕುರುಡು ಕೋಣೆಯ ಒಂಬತ್ತನೇ ಸೀಸೆ

ಬೆಕ್ಕು ಸತ್ತದ್ದು ಬೆಳಿಗ್ಗೆ ಹತ್ತೂಕಾಲಿಗೆ. ಹನ್ನೊಂದಕ್ಕೆಲ್ಲ ಅದು ಮೀನಿನ ಬುಟ್ಟಿಯಲ್ಲಿ, ಬಾಳೆಲೆಯ ಕೆಳಗೆ, ದಯಾ ಮಂಡಳಿಯ ಮೇಜಿನ ಮೇಲಿತ್ತು.

ಶುಕ್ರವಾರ ಮೀನಿನ ಬುಟ್ಟಿ ಹಿಡಿದು ಹೋಗುವವನನ್ನು ಮುಂಬಯಿಯ ಯಹೂದಿ ಕೇರಿಯಾದ ಇಸ್ರೇಲ್ ಮೊಹಲ್ಲಾದಲ್ಲಿ ಯಾರೂ ಏನೆಂದು ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ರಹಮಿಮ್ ಟಳ್ಕರನ ತಲೆ ಓಡಿತ್ತು. ಅದಕ್ಕಿಂತ ಹೆಚ್ಚು ಓಡಿರಲಿಲ್ಲ. ಮಂಡಳಿಯ ಅಧ್ಯಕ್ಷನಾದ ಅವನು, ಮರದ ವ್ಯಾಪಾರಿ, ಆರಡಿಯ ಆಳು, ಕುರ್ಚಿಯ ತುದಿಯಲ್ಲಿ ಕೂತು ತನ್ನ ಟೊಪ್ಪಿಯನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದ.

ಮೆನಾಶೆ ನವಗಾಂವ್ಕರ್ ಬಾಳೆಲೆ ಸರಿಸಿ ನೋಡಿ ಮತ್ತೆ ಮುಚ್ಚಿದ. ಇಪ್ಪತ್ತೆಂಟು ವರ್ಷ ಪೊಲೀಸಿನಲ್ಲಿ ದುಡಿದು ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು, ಈಗ ಮಂಡಳಿಯ ಧರ್ಮದರ್ಶಿ. ಬಾಯಲ್ಲಿ ನೊರೆ ಕಂಡರೆ ಡಾಕ್ಟರ ಚೀಟಿಗಾಗಿ ಕಾಯುವ ಪೈಕಿಯಲ್ಲ.

"ನೀನು ಕುಡಿದೆಯಾ?"

"ಕುಡಿದಿದ್ರೆ ಬುಟ್ಟೀಲಿ ನಾನಿರ್ತಿದ್ದೆ."

"ಮೊದಲಿಂದ ಹೇಳು."

"ನಿನ್ನೆ ಸಂಜೆ ಯಾರೋ ಬಾಗಿಲ ಹತ್ರ ಒಂದು ಸೀಸೆ ದ್ರಾಕ್ಷಿ ಶರಬತ್ತು ಇಟ್ಟು ಹೋಗಿದ್ರು. ‘ಸಬ್ಬತ್ತಿಗೆ’ ಅಂತ ಚೀಟಿ ಕಟ್ಟಿತ್ತು. ಬಿರಡೆ ಸಡಿಲ ಇತ್ತೇನೋ, ಕಿಟಕಿ ಹಲಗೆ ಮೇಲೆ ಸೋರಿತ್ತು. ಬೆಳಿಗ್ಗೆ ಬೆಕ್ಕು ನೆಕ್ತಾ ಇತ್ತು. ನಾನು ನೋಡಿ ನಕ್ಕೆ ಕಣೋ ಮೆನಾಶೆ. ನಿನಗೂ ಸಬ್ಬತ್ ಬಂತೇನೇ ಅಂತ ಕೇಳಿದೆ."

"ಸೀಸೆ ಎಲ್ಲಿ?"

ಟಳ್ಕರ್ ಟೊಪ್ಪಿ ಹಿಂಡಿದ.

"ರಹಮಿಮ್, ಸೀಸೆ ಎಲ್ಲಿ?"

"ನಮ್ಮನೆಗೆ ಯಾರು ಏನೇ ಕೊಟ್ರೂ ಬಾಯಿಗೆ ಹಾಕೋ ಮುಂಚೆ ನಾನು ಎಲ್ಲಿ ತಂದಿಡ್ತೀನಿ? ನಮ್ಮವ್ವನ ಕಾಲದಿಂದ ಎಲ್ಲಿ ಇಡ್ತಾ ಬಂದಿದೀವಿ? ಎಂಟು ಗಂಟೆಗೇ ಇಟ್ಟುಬಿಟ್ಟೆ. ಬೆಕ್ಕು ಇನ್ನೂ ಓಡಾಡ್ಕೊಂಡೇ ಇತ್ತು."

ಮೆನಾಶೆ ಎದ್ದು ನಿಂತ. ಟಳ್ಕರ್ ಹೇಳಿದ ಜಾಗ ಗೋಡೆಯ ಆಚೆಗೇ ಇತ್ತು. ಮಂಡಳಿಯ ಕುರುಡು ಕೋಣೆ. ಅದರಿಂದ ಒಯ್ಯುವವರ ಬಾಗಿಲು ಶುಕ್ರವಾರ ಒಂಬತ್ತಕ್ಕೆ ತೆರೆದು ಹತ್ತಕ್ಕೆ ಮುಚ್ಚುತ್ತದೆ.

ಹನ್ನೊಂದು ದಿನದ ಹಿಂದೆ ಮಂಡಳಿಯ ಕಾರ್ಯದರ್ಶಿ ಇಸಾಜಿ ಕಿಲ್ಲೇಕರ್ ವಾಂತಿ ಮಾಡಿಕೊಂಡು ಸತ್ತಾಗ ಡಾಕ್ಟರು ಕಾಲರಾ ಎಂದು ಬರೆದುಕೊಟ್ಟಿದ್ದರು. ನಂಬದಿದ್ದವನು ಮೆನಾಶೆ ಒಬ್ಬನೇ. ಅವನ ಅನುಮಾನ ನಿಜವೆಂದು ಈಗ ಬೆಕ್ಕು ಸಾಕ್ಷಿ ಹೇಳಿತ್ತು. ಅದರಿಂದ ಅವನಿಗೆ ಎಳ್ಳಷ್ಟೂ ಸಂತೋಷವಾಗಲಿಲ್ಲ.

"ಸೀಸೆ ಹೇಗಿತ್ತು?"

"ನಮ್ಮ ಮಂಡಳಿ ಔಷಧಾಲಯದ್ದೇ. ಚಪ್ಪಟೆ ಸೀಸೆ. ಪಕ್ಕದಲ್ಲಿ ಡೋಸಿನ ಕಾಗದದ ಪಟ್ಟಿ ಅಂಟಿತ್ತು."

"ಔಷಧಾಲಯದ ಬೀಗದಕೈ?"

"ಕಾಂಪೌಂಡರ್ ಆಕೋಬ್‌ಜಿ ಹತ್ರ ಇತ್ತು. ಮೊನ್ನೆ ಮಂಗಳವಾರ ಅವನನ್ನ ನಾನೇ ಕೆಲಸದಿಂದ ತೆಗೆದೆ. ಬೀಗದಕೈ ವಾಪಸ್ ಕೊಟ್ಟಿಲ್ಲ. ನಿನ್ನೆಯಿಂದ ಮನೇಲೂ ಇಲ್ವಂತೆ."

"ಇನ್ನೊಂದು ನಿನ್ನ ಅಳಿಯನ ಹತ್ರ."

"ನಮ್ಮ ಅಳಿಯನಿಗೆ ಶರಬತ್ತು ಮಾಡೋಕೇ ಬರೋದಿಲ್ಲ!"

"ವಿಷ ಬೆರೆಸೋಕೆ ಶರಬತ್ತು ಮಾಡೋಕೆ ಬರಬೇಕಾಗಿಲ್ಲ," ಎಂದ ಮೆನಾಶೆ. "ಇರಲಿ ಬಿಡು. ಕೊಂದವನು ನಾಳೆಯೂ ಸಿಗ್ತಾನೆ. ಕುಡಿಯೋರು ಸಂಜೆವರೆಗೆ ಮಾತ್ರ ಸಿಗ್ತಾರೆ."

ಅದೇ ಲೆಕ್ಕ ಇಬ್ಬರ ಎದೆಯಲ್ಲೂ ಕುಟ್ಟುತ್ತಿತ್ತು. ವಾರದ ಪವಿತ್ರ ದಿನವಾದ ಸಬ್ಬತ್ತಿನ ದೀಪ ಹಚ್ಚಿ ಸೂರ್ಯ ಮುಳುಗಿದ ಮೇಲೆ ಮೊಹಲ್ಲಾದ ಪ್ರತಿ ಮನೆಯಲ್ಲೂ ಯಜಮಾನ ಶರಬತ್ತಿನ ಬಟ್ಟಲು ಹಿಡಿದು ಪ್ರಾರ್ಥನೆ ಹೇಳುತ್ತಾನೆ. ಅವನು ಕುಡಿದು ಹೆಂಡತಿಗೆ ಕೊಡುತ್ತಾನೆ, ಅವಳು ಮಕ್ಕಳಿಗೆ. ತೊಟ್ಟಿಲಲ್ಲಿರುವ ಕೂಸಿನ ತುಟಿಗೂ ಒಂದು ಹನಿ ಸವರುತ್ತಾರೆ. ಒಂದು ಸೀಸೆ ಎಂದರೆ ಒಂದು ಇಡೀ ಸಂಸಾರ.

*

ಕುರುಡು ಕೋಣೆಗೆ ಎರಡು ಬಾಗಿಲು. ಇಡುವವರು ಮುಂದಿನ ಬೀದಿಯಿಂದ ಬಂದು ಇಡುತ್ತಾರೆ. ಬೇಕಾದವರು ಹಿಂದಿನ ಓಣಿಯಿಂದ ಬಂದು ಒಯ್ಯುತ್ತಾರೆ. ನಡುವಿನ ಹಜಾರದಲ್ಲಿ ಕೋಣೆಗೆ ಬೆನ್ನು ಹಾಕಿ ಸಿಪ್ಪೋರಾ ಮಾವಶಿ ಕೂತಿರುತ್ತಾಳೆ. ಕೇರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ; ವಯಸ್ಸು ಎಪ್ಪತ್ತೆಂಟು. ಮೂವತ್ತೊಂದು ವರ್ಷದಿಂದ ಅವಳು ದ್ರಾಕ್ಷಿ ಆರಿಸುತ್ತ ಕೂತ ಮಣೆ ಅದೇ, ನೋಡುತ್ತ ಕೂತ ಗೋಡೆಯೂ ಅದೇ.

ಇದೆಲ್ಲ ಪ್ಲೇಗಿನ ವರ್ಷದ ಕಥೆ. ಸೆಗುಲಾಬಾಯಿ ಎಂಬ ವಿಧವೆ ಅಕ್ಕಿಗಾಗಿ ಸಾಲಿನಲ್ಲಿ ನಿಂತಿದ್ದಳಂತೆ. ಆಗ ಧರ್ಮಕ್ಕೆ ಕೊಡುವವರು ಒಬ್ಬೊಬ್ಬರ ಹೆಸರನ್ನೂ ಬೀದಿಗೆಲ್ಲ ಕೇಳುವಂತೆ ಕೂಗಿ ಕೊಡುತ್ತಿದ್ದರು. ಅವಳ ಹೆಸರು ಕೂಗಿದ್ದು ಎದುರು ಮಹಡಿಯಲ್ಲಿದ್ದ ಬೀಗಿತ್ತಿಯ ಕಿವಿಗೆ ಬಿತ್ತು. ಮಗಳ ನಿಶ್ಚಿತಾರ್ಥ ಮುರಿದುಬಿತ್ತು. ಮುಂದೆ ಸೈನ್ಯದ ಪಲ್ಟಣಿಗೆ ಸಮವಸ್ತ್ರ ಹೊಲಿದು ನಾಲ್ಕು ಕಾಸು ಕಂಡಾಗ ಅವಳು ಈ ಮನೆ ಕೊಂಡು ಮಂಡಳಿ ಕಟ್ಟಿದಳು. ಔಷಧಾಲಯ ಬಂತು, ಹೆಣ್ಣುಮಕ್ಕಳ ಮದುವೆಗೆ ಸೀರೆ ಬಂತು, ಮಹಡಿಯ ಮೇಲೆ ಹೆಂಗಸರು ಕೂತು ಸತ್ತವರಿಗೆ ಗಂಟಿಲ್ಲದ ದಾರದಲ್ಲಿ ಬಿಳಿ ಬಟ್ಟೆ ಹೊಲಿಯುವ ಪದ್ಧತಿ ಬಂತು. ಆದರೆ ಮೊದಲು ಕಟ್ಟಿಸಿದ್ದು ಈ ಕೋಣೆ. ಯಾರು ಇಟ್ಟರು, ಯಾರು ಒಯ್ದರು ಎಂದು ಯಾರೂ ನೋಡಕೂಡದು ಎಂದು ಕಟ್ಟಳೆ ಮಾಡಿದಳು. ಒಯ್ದವರೂ ಬರಿಗೈಯಲ್ಲಿ ಬರಕೂಡದು, ಒಂದು ಸೂಜಿಯಾದರೂ ಇಟ್ಟೇ ಹೋಗಬೇಕು ಎಂದಳು. ಕೊಡಲು ಏನೂ ಇಲ್ಲದ ಮನುಷ್ಯ ಭೂಮಿಯ ಮೇಲೆ ಇಲ್ಲ ಎನ್ನುವುದು ಅವಳ ಹಟ.

ಹೋದ ವರ್ಷ ಕಿಲ್ಲೇಕರ್ ಒಯ್ಯುವವರ ಹೆಸರು ಬರೆದಿಡೋಣ ಎಂದಿದ್ದ. ಮೆನಾಶೆ ಸಭೆಯಲ್ಲಿ ಎದ್ದು ನಿಂತು, "ಹೆಸರು ಬರೆಯೋ ದಿನ ನನ್ನ ರಾಜೀನಾಮೆನೂ ಬರ್ಕೊಳ್ಳಿ," ಎಂದು ಗುಡುಗಿದ್ದ. ಚಪ್ಪಾಳೆ ಬಿದ್ದಿತ್ತು. ಆ ಚಪ್ಪಾಳೆ ಈಗ ಅವನ ಕಪಾಳಕ್ಕೆ ಬೀಳುತ್ತಿತ್ತು.

ಕೋಣೆಯೊಳಗೆ ಹಲಗೆ ಖಾಲಿ. ಗುರುವಾರ ಮಂಡಳಿಯ ಅಡುಗೆಮನೆಯ ಹೆಂಗಸರು ಎಂಟು ಸೀಸೆ ಇಟ್ಟಿದ್ದರು, ಟಳ್ಕರನದು ಒಂದು. ಒಂಬತ್ತೂ ಹೋಗಿದ್ದವು.

ಪಕ್ಕದ ತಟ್ಟೆಯಲ್ಲಿ ಒಯ್ದವರು ಇಟ್ಟುಹೋದ ಒಂಬತ್ತು ಸಾಮಾನು. ಎರಡು ಲಿಂಬೆಹಣ್ಣು ಬೇರೆ ಬೇರೆಯಾಗಿ, ಒಂದು ದಾರದುಂಡೆ, ಕರಿಬೇವಿನ ಕಟ್ಟು, ಹಸಿರು ಗಾಜಿನ ಬಳೆ, ಅರ್ಧ ಉರಿದ ಬತ್ತಿ, ಒಂದು ಮೊಟ್ಟೆ, ಎಲೆಯಲ್ಲಿ ಸುತ್ತಿದ ಒಣಮೀನು. ಮತ್ತೊಂದು ಹಿತ್ತಾಳೆ ಗುಂಡಿ. ಮೆನಾಶೆ ಅದನ್ನು ಬೆಳಕಿಗೆ ಹಿಡಿದ. ಕಿರೀಟದ ಗುರುತು. ಹಳೆ ಸರಕಾರದ ಕಾಲದ ಪೊಲೀಸ್ ಕೋಟಿನ ಗುಂಡಿ.

"ಮಾವಶಿ, ಬೆಳಿಗ್ಗೆ ಯಾರ್‍ಯಾರು ಬಂದಿದ್ರು?"

"ಗೋಡೆ ಬಂದಿತ್ತು," ಎಂದಳು ಸಿಪ್ಪೋರಾ, ತಿರುಗದೆ. "ನಾನು ನೋಡೋದು ಅದೊಂದನ್ನೇ. ಅಂಥ ಪ್ರಶ್ನೆ ಕೇಳೋಕೆ ನಿನಗೆ ನಾಚಿಕೆ ಆಗಲ್ವೇನೋ?"

ಮೆನಾಶೆ ಹೊರಗೆ ಬಂದ. ಟಳ್ಕರ್ ಅವನ ತೋಳು ಹಿಡಿದ.

"ವಿಷ ಅಂತ ಮಾತ್ರ ಹೇಳಬೇಡ ಮಾರಾಯ. ಆ ಮಾತು ಒಂದು ಸಲ ಹೊರಗೆ ಬಿದ್ರೆ ಈ ಕೋಣೆಗೆ ಇನ್ನು ಯಾರು ಕಾಲಿಡ್ತಾರೆ? ಐವತ್ತಾರು ವರ್ಷದ ನಂಬಿಕೆ."

ಮೆನಾಶೆಗೂ ಹಾಗೇ ಅನ್ನಿಸಿತ್ತು. ಅವನ ಕಾರಣ ಬೇರೆ. ಕಳ್ಳನಿಗೆ ಸುಳಿವು ಕೊಡಬಾರದು ಎನ್ನುವುದು ಪೊಲೀಸಿನ ಮೊದಲ ಪಾಠ. ನಿವೃತ್ತನಾಗಿ ಆರು ವರ್ಷವಾದರೂ ಚಟ ಬಿಟ್ಟಿರಲಿಲ್ಲ. ಆಕೋಬ್‌ಜಿಯೋ ಅಳಿಯನೋ, ಯಾರೇ ಆಗಲಿ, ಕೆಲಸ ಕೆಟ್ಟಿತೆಂದು ಗೊತ್ತಾದರೆ ಊರು ಬಿಡುತ್ತಾನೆ.

ಸಭಾಮಂದಿರದ ಸೇವಕ ಹಸ್ಕೆಲ್‌ನನ್ನು ಕರೆಸಿದ. ಹಸ್ಕೆಲ್‌ಗೆ ಐವತ್ತು ದಾಟಿತ್ತು, ಗಂಟಲು ಮಾತ್ರ ಇಪ್ಪತ್ತರದು.

"ಪ್ರತಿ ಓಣೀಲೂ ಕೂಗು. ಈ ವಾರದ ಶರಬತ್ತು ಹುಳಿ ಬಂದಿದೆ, ಹೊಟ್ಟೆ ಕೆಡುತ್ತೆ, ಒಯ್ದವರು ವಾಪಸ್ ತಂದಿಡಿ, ಇಟ್ಟ ಸಾಮಾನು ವಾಪಸ್ ತಗೊಂಡು ಹೋಗಿ. ಈ ಸಲ ರೊಟ್ಟಿ ಮೇಲೇ ಪ್ರಾರ್ಥನೆ ಹೇಳ್ಕೊಳ್ಳಿ ಅಂತ. ಯಾರೂ ನೋಡೋದಿಲ್ಲ ಅನ್ನೋದನ್ನ ಎರಡು ಸಲ ಹೇಳು."

"ಕಾಕಾ, ಮಂದಿರದ ಶರಬತ್ತೂ ಈ ಅಡುಗೆಮನೇದೇ. ಹಜಾನ್ ಸಾಹೇಬರು ಬಟ್ಟಲಿಗೆ ಏನು ಹಾಕ್ತಾರೆ? ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಗುಟುಕಿಗೆ ಸಾಲು ನಿಲ್ತಾವೆ, ಗೊತ್ತಲ್ಲ. ಇಲ್ಲ ಅಂದ್ರೆ ನನ್ನ ಜೀವ ತಿಂತಾವೆ."

ಹೊರಗಿನವರಿಗಾಗಿ, ದಾರಿಹೋಕರಿಗಾಗಿ ಮಂದಿರದಲ್ಲೂ ಪ್ರಾರ್ಥನೆ ನಡೆಸುವ ಹಜಾನರು ಬಟ್ಟಲು ಎತ್ತುತ್ತಾರೆ. ಅದರ ಮೊದಲ ಗುಟುಕು ಮಕ್ಕಳದು.

"ಅದನ್ನ ಚೆಲ್ಲೋಕೆ ಹೇಳು. ನಮ್ಮನೆಯಿಂದ ಇಸ್ಕೊಂಡು ಹೋಗು. ಎಲಿಶೆಬಾ ಮಾಡಿರ್ತಾಳೆ. ನಮ್ಮನೇದು ಅಂದ್ರೆ ಹಜಾನರೂ ಎರಡು ಮಾತಾಡಲ್ಲ. ಮೊದಲು ಅದು ಮುಗಿಸಿ ಆಮೇಲೆ ಕೂಗೋಕೆ ಹೋಗು. ಹಾಂ, ನಾನು ಬರೋದು ತಡ ಆಗುತ್ತೆ, ಕಾಯಬೇಡಿ ಅಂತಲೂ ಹೇಳು."

ಸೊಸೆಯ ಕೈಯ ಶರಬತ್ತೆಂದರೆ ಮೆನಾಶೆಗೆ ಬಲು ಹೆಮ್ಮೆ. ಮಗ ತೀರಿಕೊಂಡು ಮೂರು ವರ್ಷವಾದರೂ ಎಲಿಶೆಬಾ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮನೆಯನ್ನು ಒಂದು ಕೂದಲೂ ಕೊಂಕದಂತೆ ನಡೆಸಿಕೊಂಡು ಬಂದಿದ್ದಳು. ಕಳೆದ ಶುಕ್ರವಾರ ಅವನು ಎರಡು ಸಲ ಹಾಕಿಸಿಕೊಂಡು ಕುಡಿದಿದ್ದ.

*

ಮಧ್ಯಾಹ್ನದ ಊಟ ಅವನಿಗೆ ಸೇರಲಿಲ್ಲ. ಹಜಾರದಲ್ಲಿ, ಮಾವಶಿಯ ಪಕ್ಕದಲ್ಲಿ, ಅವಳಂತೆಯೇ ಬೆನ್ನು ಹಾಕಿ ಕೂತ. ಹಿಂದಿನ ಬಾಗಿಲು ಕಿರುಗುಟ್ಟಿದಾಗೆಲ್ಲ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಪ್ರತಿ ಸಲವೂ ಮಾವಶಿ ಅವನ ಮೊಣಕಾಲಿಗೆ ದ್ರಾಕ್ಷಿಯ ತೊಟ್ಟು ಎಸೆಯುತ್ತಿದ್ದಳು.

ಮೂರೂವರೆಗೆ ಹೋಗಿ ನೋಡಿದರೆ ಹಲಗೆಯ ಮೇಲೆ ಎಂಟು ಸೀಸೆ.

ಎಂಟೂ ಅಡುಗೆಮನೆಯ ದುಂಡು ಸೀಸೆಗಳು. ಚಪ್ಪಟೆಯದು ಇರಲಿಲ್ಲ.

ತಟ್ಟೆಯೂ ಹೆಚ್ಚುಕಡಿಮೆ ಖಾಲಿಯಾಗಿತ್ತು. ಲಿಂಬೆಹಣ್ಣು, ಬಳೆ, ಮೊಟ್ಟೆ, ಒಣಮೀನು ಎಲ್ಲ ಅವರವರು ಒಯ್ದಿದ್ದರು. ಉಳಿದದ್ದು ಒಂದೇ. ಕಿರೀಟದ ಗುರುತಿನ ಹಿತ್ತಾಳೆ ಗುಂಡಿ.

ಮೆನಾಶೆಯ ಮೈ ಬಿಸಿಯಾಯಿತು. ಸುಳಿವು ಎಂದರೆ ಇದು! ಈ ಮೊಹಲ್ಲಾದಲ್ಲಿ ಹಳೆ ಸರಕಾರದ ಪೊಲೀಸು ಕೋಟು ತೊಟ್ಟವರು ಮೂವರೇ. ಹಾರೂನ್‌ಜಿ ಸಂಸಾರ ಸಮೇತ ಹಡಗು ಹತ್ತಿ ಹೋಗಿ ಎರಡು ವರ್ಷವಾಗಿತ್ತು. ಜಮಾದಾರ್ ಅಷ್ಟಮ್ಕರ್ ತೀರಿಹೋಗಿದ್ದ, ಅವನ ಹೆಂಡತಿ ಮಿಲ್ಕಾಬಾಯಿ ಇದ್ದಳು. ಮೂರನೆಯವನು ತಾನೇ. ಹಾಗಾದರೆ ಮಿಲ್ಕಾಬಾಯಿ!

ಅವಳ ಕೋಣೆ ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಮಂಡಿ ನೋಯಿತು. ಬಾಗಿಲ ಚೌಕಟ್ಟಿಗೆ ಜಡಿದ ಪ್ರಾರ್ಥನೆಯ ಕರಡಿಗೆ ಮೆಜುಜಾವನ್ನು ಮುಟ್ಟಿ ಬೆರಳು ತುಟಿಗೊತ್ತಿಕೊಂಡು ಒಳಗೆ ಕಾಲಿಟ್ಟ. ಮಿಲ್ಕಾಬಾಯಿ ಪೂರಿ ಲಟ್ಟಿಸುತ್ತಿದ್ದಳು. ಮಗಳು, ಅಳಿಯ, ಪಕ್ಕದ ಮನೆಯ ಇಬ್ಬರು ಹೆಂಗಸರು, ಎಲ್ಲರೂ ಅಲ್ಲೇ ಇದ್ದರು.

"ಮಿಲ್ಕಾಬಾಯಿ, ನಿಮ್ಮ ಹತ್ರ ಒಂದು ಚಪ್ಪಟೆ ಸೀಸೆ ಇದ್ರೆ ಕೊಟ್ಟುಬಿಡಿ. ನಾನು ಏನೂ ಕೇಳೋದಿಲ್ಲ."

"ಯಾವ ಸೀಸೆ?"

"ಬೆಳಿಗ್ಗೆ ತಂದಿದ್ದು."

"ಎಲ್ಲಿಂದ ತಂದಿದ್ದು?"

ಮೆನಾಶೆ ಗುಂಡಿ ತೋರಿಸಿದ. ಪಕ್ಕದ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಳಿಯ ತಲೆ ತಗ್ಗಿಸಿದ. ಆ ಗಳಿಗೆಯಲ್ಲೇ ಮೆನಾಶೆಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು. ಹೆಸರು ಕೂಗಿ ಅಕ್ಕಿ ಕೊಟ್ಟವರಿಗೂ ತನಗೂ ಏನು ವ್ಯತ್ಯಾಸ?

ಮಿಲ್ಕಾಬಾಯಿ ಲಟ್ಟಣಿಗೆ ಕೆಳಗಿಟ್ಟಳು. ಕೈ ಒರೆಸಿಕೊಂಡು ಪೆಟ್ಟಿಗೆ ತೆರೆದಳು. ನುಸಿಗುಳಿಗೆಯ ವಾಸನೆಯ ಜೊತೆಗೆ ಗಂಡನ ಕೋಟನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಐದಕ್ಕೆ ಐದು ಗುಂಡಿ. ಐದೂ ಹೊಳೆಯುತ್ತಿದ್ದವು.

"ಎಣಿಸಿದ್ರಾ? ಇನ್ನೊಂದು ಸಲ ಎಣಿಸಿ. ನಮ್ಮ ಯಜಮಾನರು ಹೋದ ಮೇಲೆ ನಾನು ಎರಡು ಹೊತ್ತು ಗಂಜಿ ಕುಡಿದಿದೀನಿ, ಆ ಓಣಿ ಬಾಗಿಲು ತುಳಿದಿಲ್ಲ. ತುಳಿದಿದ್ರೂ ಕೇಳೋ ಹಕ್ಕು ನಿಮಗಿಲ್ಲ. ಅದನ್ನ ಸಭೇಲಿ ಎದ್ದು ನಿಂತು ಹೇಳಿದೋರು ನೀವೇ."

"ತಪ್ಪಾಯ್ತು ಬಾಯಿ."

"ಊರೋರ ಕೋಟೆಲ್ಲ ಎಣಿಸ್ತಿದೀರಲ್ಲ, ನಿಮ್ಮ ಕೋಟಿನ ಗುಂಡಿ ಎಣಿಸಿದೀರಾ?"

ಸಿಟ್ಟಿನಲ್ಲಿರುವ ಹೆಂಗಸಿನ ಮಾತಿಗೆ ಎದುರಾಡಬಾರದು ಎಂದುಕೊಂಡು ಮೆನಾಶೆ ಮೆಟ್ಟಿಲು ಇಳಿದ. ಊರವರ ಮನೆಯ ಮೂಲೆಮೂಲೆಯನ್ನೂ ಜಾಲಾಡಿದ ಪತ್ತೇದಾರನಿಗೆ ಸ್ವಂತ ಮನೆಯ ಗೂಟದಲ್ಲಿ ನೇತುಹಾಕಿದ ಕೋಟು ನೆನಪಾಗಲಿಲ್ಲ. ನೆನಪಾಗಿದ್ದರೂ ಅವನು ನಂಬುತ್ತಿರಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋದ, ಅಂಥ ರೋಗಿ ಯಾರೂ ಬಂದಿರಲಿಲ್ಲ. ಹಳೆ ಬಟ್ಟೆ ಮಾರುವವರ ಬೀದಿಗೆ ಹೋಗಿ, ಪೊಲೀಸ್ ಕೋಟು ಯಾರಿಗಾದರೂ ಮಾರಿದ್ದೀರಾ ಎಂದು ಅಂಗಡಿ ಅಂಗಡಿ ಕೇಳಿದ. ಅವರು ನಕ್ಕರು. ನೆರಳು ಬೀದಿಯ ಅರ್ಧ ದಾಟಿತ್ತು. ಎಲ್ಲೋ ಒಂದು ಮನೆಯಲ್ಲಿ, ಯಾವುದೋ ಹಲಗೆಯ ಮೇಲೆ, ಆ ಸೀಸೆ ಸುಮ್ಮನೆ ಕೂತಿದೆ. ಅದು ಎಲ್ಲಿದೆ ಎಂದು ಹೇಳಬಲ್ಲವರು ಯಾರೂ ಇಲ್ಲದಂತೆ ಐವತ್ತಾರು ವರ್ಷ ಜೋಪಾನ ಮಾಡಿದವರು ತಾವೇ. ಮೆನಾಶೆಗೆ ಬೀದಿಯ ನಡುವೆ ನಿಂತು ಅಳಬೇಕೆನಿಸಿತು.

*

ಆರು ಗಂಟೆಗೆ ಮತ್ತೆ ಹಜಾರಕ್ಕೆ ಬಂದ. ಸಿಪ್ಪೋರಾ ಮಾವಶಿ ಗಾಜಿನ ಲೋಟಕ್ಕೆ ನೀರು ಹಾಕಿ, ಮೇಲೆ ತೆಂಗಿನೆಣ್ಣೆ ತೇಲಿಸಿ, ದೀಪಕ್ಕೆ ಬತ್ತಿ ಹೊಂದಿಸುತ್ತಿದ್ದಳು.

"ಮಾವಶಿ, ನನ್ನ ಕಡೆ ತಿರುಗು."

"ದೀಪದ ಹೊತ್ತು. ಮನೆಗೆ ಹೋಗಿ ಸ್ನಾನ ಮಾಡು, ಹೋಗು."

"ನೀನು ಕಣ್ಣಲ್ಲಿ ನೋಡಲ್ಲ, ಸರಿ. ಕಿವಿ ಇದೆಯಲ್ಲ. ಮೂವತ್ತೊಂದು ವರ್ಷ ಕೇಳಿದೀಯ. ಹೆಜ್ಜೆ ಸದ್ದಲ್ಲೇ ಯಾರು ಅಂತ ನಿನಗೆ ಗೊತ್ತಾಗುತ್ತೆ."

ಅವಳ ಕೈ ನಿಂತಿತು. "ಗೊತ್ತಾಗುತ್ತೆ. ಕಿವಿ ಮುಚ್ಚಿಕೊಂಡ್ರೂ ಗೊತ್ತಾಗುತ್ತೆ. ಅದಕ್ಕೇ ನನಗೆ ಮೊದಲ ದಿನವೇ ಧರ್ಮಗ್ರಂಥದ ಮುಂದೆ ಆಣೆ ಮಾಡಿಸಿದ್ದು. ನಮ್ಮ ಸ್ವಂತ ಅಣ್ಣ ಏಳು ವರ್ಷ ಬಂದ. ಕೆಮ್ಮಿಕೊಂಡು ಬರ್ತಿದ್ದ. ನಾನು ತಿರುಗಲಿಲ್ಲ. ಅವನು ಸತ್ತಾಗ ಮೇಲಿನ ಮಹಡೀಲಿ ಅವನ ಬಟ್ಟೆ ನಾನೇ ಹೊಲಿದೆ. ಆಗಲೂ ಬಾಯಿ ಬಿಡಲಿಲ್ಲ. ನಿನಗೋಸ್ಕರ ಈಗ ಬಿಡ್ತೀನಾ?"

"ಒಂದು ಹೆಸರು ಸಾಕು. ಒಂಬತ್ತನೇದು ಯಾರು ಒಯ್ದರು? ಗುಂಡಿ ಇಟ್ಟೋರು ಯಾರು?"

"ಹುಳಿ ಶರಬತ್ತಿಗೆ ಇಷ್ಟು ರಂಪ ಯಾಕೋ? ಹೆಚ್ಚಂದ್ರೆ ಎರಡು ಸಲ ಚೊಂಬು ಹಿಡ್ಕೊಂಡು ಓಡ್ತಾರೆ. ಅದಕ್ಕೆ ಒಬ್ಬರ ಮಾನ ಬೀದಿಗೆ ಹಾಕ್ಲಾ? ಅದೂ ಆ ಮನೆಯವರದ್ದನ್ನ? ನನ್ನಿಂದ ಆಗಲ್ಲ."

"ಮಾವಶಿ!"

"ಕಿರುಚಬೇಡ. ನಿನ್ನ ಪೊಲೀಸು ಗಂಟಲು ನಂಗೆ ಬೇಡ."

ಮೆನಾಶೆ ಅವಳ ಎದುರು, ಗೋಡೆಗೂ ಅವಳಿಗೂ ನಡುವೆ, ಮಂಡಿಯೂರಿ ಕೂತ. ಮೂವತ್ತೊಂದು ವರ್ಷದಲ್ಲಿ ಆ ಜಾಗದಲ್ಲಿ ಮನುಷ್ಯರ ಮುಖ ಬಂದಿರಲಿಲ್ಲ.

"ಹುಳಿ ಬಂದಿಲ್ಲ ಮಾವಶಿ. ನಾನು ಸುಳ್ಳು ಹೇಳಿಸಿದೆ. ಅದರಲ್ಲಿ ವಿಷ ಇದೆ. ಇಸಾಜಿ ಸತ್ತಿದ್ದೂ ಅದರಿಂದಲೇ ಅಂತ ಕಾಣುತ್ತೆ. ಬೆಳಿಗ್ಗೆ ರಹಮಿಮ್‌ನ ಬೆಕ್ಕು ಸತ್ತಿದೆ. ಜೀವ ಉಳಿಸೋದಕ್ಕೆ ಸಬ್ಬತ್ತನ್ನೇ ಮುರೀಬಹುದು ಅಂತ ಶಾಸ್ತ್ರವೇ ಹೇಳುತ್ತೆ. ನಿನ್ನ ಆಣೆ ಅದಕ್ಕಿಂತ ದೊಡ್ಡದಾ?"

ಮುದುಕಿಯ ಮುಖದಲ್ಲಿ ರಕ್ತವಿರಲಿಲ್ಲ. ಬತ್ತಿ ಕೈಯಿಂದ ಜಾರಿ ಎಣ್ಣೆಯಲ್ಲಿ ಮುಳುಗಿತು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?" ಎಂದಳು. ಆಮೇಲೆ ಕೈಯೆತ್ತಿ ಅವನ ಎದೆಗೆ ಗುದ್ದಿದಳು, ಒಂದು ಸಲ, ಎರಡು ಸಲ. "ಮೂರು ಗಂಟೆ ನನ್ನ ಪಕ್ಕದಲ್ಲೇ ಕೂತಿದ್ಯಲ್ಲೋ! ಯಾಕೆ ಹೇಳಲಿಲ್ಲ? ಸೆಗುಲಾಬಾಯಿ, ನನ್ನ ಕ್ಷಮಿಸಮ್ಮ."

"ಯಾರು ಮಾವಶಿ?"

"ನಿನ್ನ ಮನೆಗೆ ಓಡು."

"ಏನು?"

"ಎಂಟು ತಿಂಗಳಿಂದ ಬರ್ತಿದಾಳೆ. ಎಡಗಾಲು ಸ್ವಲ್ಪ ಎಳೆದು ಹಾಕ್ತಾಳೆ, ನಿನ್ನ ಮಗ ಸತ್ತ ವರ್ಷ ಮೆಟ್ಟಿಲಿಂದ ಬಿದ್ದಳಲ್ಲ. ನಿನ್ನ ಸೊಸೆ ಕಣೋ. ಎಲಿಶೆಬಾ. ಓಡು!"

*

ಅವನು ಓಡಿದ. ಅರವತ್ತೊಂದರ ಮಂಡಿ ಎಷ್ಟು ಓಡಬಲ್ಲದೋ ಅಷ್ಟು. ಕಿಟಕಿ ಕಿಟಕಿಯಲ್ಲೂ ಎಣ್ಣೆಯ ದೀಪ ಹೊತ್ತಿತ್ತು. ಮಂದಿರದಿಂದ ಪ್ರಾರ್ಥನೆ ಕೇಳುತ್ತಿತ್ತು. ಹಾಗಾದರೆ ಇನ್ನೂ ಸಮಯವಿದೆ. ಕಾಯಬೇಡಿ ಎಂದು ಹೇಳಿಕಳಿಸಿದ ತನ್ನ ನಾಲಿಗೆಯನ್ನು ಶಪಿಸಿಕೊಂಡ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುವಾಗ ಮೆಜುಜಾ ಮುಟ್ಟುವುದನ್ನೂ ಮರೆತ. ಗೂಟದಲ್ಲಿ ಅವನ ಕೋಟು. ಗುಂಡಿ ನಾಲ್ಕು.

ಎಲಿಶೆಬಾ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದಳು. ತನ್ನನ್ನು ದಾಟಿ ಅಡುಗೆಯ ಹಲಗೆಯ ಕಡೆಗೆ ಅವನ ಕಣ್ಣು ಹೋದದ್ದನ್ನು ನೋಡಿ ಅವಳ ಕೈ ಅಲ್ಲೇ ನಿಂತಿತು. ಅಲ್ಲಿ ಚಪ್ಪಟೆ ಸೀಸೆ ತೊಳೆದು ಬೋರಲು ಹಾಕಿತ್ತು. ಡೋಸಿನ ಪಟ್ಟಿ ಅರ್ಧ ನೆನೆದು ಕಿತ್ತುಬಂದಿತ್ತು.

"ಯಾರು ಕುಡಿದ್ರು?"

"ಮಾವ, ನಾನು ಹೇಳಬೇಕು ಅಂತಿದ್ದೆ…"

"ಯಾರು ಕುಡಿದ್ರು ಎಲಿಶೆಬಾ? ಮಕ್ಕಳೇನಾದರೂ…"

"ಯಾರೂ ಕುಡಿದಿಲ್ಲ. ನಮಗೆ ಒಂದು ತೊಟ್ಟೂ ಉಳೀಲಿಲ್ಲ."

ಮೆನಾಶೆ ಗೋಡೆಗೆ ಒರಗಿದ. ಎಲಿಯಾಹು ಹನ್ನಾಬಿ, ಎಲಿಯಾಹು ಹನ್ನಾಬಿ ಎಂದು ಪ್ರವಾದಿಯನ್ನು ಎರಡು ಸಲ ನೆನೆದ. ಎಲಿಶೆಬಾ ಅಳುತ್ತಿದ್ದಳು. ಅದು ನಾಚಿಕೆಯ ಅಳು, ಅವನಿಗೆ ಅದನ್ನು ಕೇಳುವುದು ವಿಷಕ್ಕಿಂತ ಕಷ್ಟವಾಗಿತ್ತು.

"ಪೆನ್ಷನ್ ಬಂದ ದಿನವೇ ಅರ್ಧ ಮಂಡಳಿಗೆ ಅಂತ ತೆಗೆದಿಡ್ತೀರಿ. ಎಷ್ಟು ಖುಷಿಯಿಂದ ಇಡ್ತೀರಿ ಅಂದ್ರೆ, ಸಾಕಾಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವತ್ತು ಅಲ್ಲಿ ಇಡೋಕೆ ಮನೇಲಿ ಒಂದು ಲಿಂಬೆಹಣ್ಣೂ ಇರಲಿಲ್ಲ. ಅದಕ್ಕೇ ಗುಂಡಿ ಕಿತ್ತೆ."

"ಅಳಬೇಡ ಮಗಳೇ. ತಪ್ಪು ನಂದು. ಎಲ್ಲ ನಂದೇ." ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ, ಬಹಳ ತಡವಾಗಿ, ಪೊಲೀಸಿನವನ ತಲೆ ಒಂದು ಹೆಜ್ಜೆ ಮುಂದೆ ಹೋಯಿತು. "ಶರಬತ್ತು ಚೆಲ್ಲಿದೆ ಅಲ್ವಾ? ಕೂಗಿದ್ದು ಕೇಳಿಸ್ಕೊಂಡು ಚೆಲ್ಲಿದೆ."

ಎಲಿಶೆಬಾ ತಲೆಯೆತ್ತಿದಳು.

"ಚೆಲ್ಲೋದಾ? ನೀವೇ ಹೇಳಿಕಳಿಸಿದ್ರಲ್ಲ ಮಾವ. ಹಸ್ಕೆಲ್ ಬಂದು, ಮಂದಿರದ ಬಟ್ಟಲಿಗೆ ನಿಮ್ಮನೆ ಶರಬತ್ತೇ ಬೇಕಂತೆ ಅಂದ. ಇಲ್ಲ ಅಂತ ಹೇಗೆ ಹೇಳಲಿ? ಮಂಡಳಿ ಸೀಸೇಲಿ ಕೊಟ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಹೂಜಿಗೆ ಸುರಿದು ಕೊಟ್ಟೆ. ಠಾಣೆಯವರು ನಿಮ್ಮ ಹೆಸರು ಕೊರೆಸಿ ಕೊಟ್ಟಿದ್ರಲ್ಲ, ಆ ಹೂಜಿಗೆ. ಹುಳಿ ಬಂದಿದೆ ಅಂತ ಕೂಗಿದ್ದು ಆಮೇಲೆ. ನಾನು ಮೂಸಿ ನೋಡಿಯೇ ಕೊಟ್ಟಿದ್ದು, ಹುಳಿ ಇರಲಿಲ್ಲ, ಘಮಘಮ ಅಂತಿತ್ತು. ಅದಕ್ಕೇ ಸುಮ್ಮನಾದೆ."

ಮೆನಾಶೆ ಸುತ್ತ ನೋಡಿದ. ಮನೆ ತುಂಬ ನಿಶ್ಶಬ್ದವಾಗಿತ್ತು. ಎಂಟು ವರ್ಷದ ಮೊಮ್ಮಗಳು ಡೀನಾಳ ಮಾತಿಲ್ಲ, ಅವಳ ತಮ್ಮನ ಓಡಾಟವಿಲ್ಲ.

"ಮಕ್ಕಳೆಲ್ಲಿ?"

"ಮಂದಿರಕ್ಕೆ. ನಮ್ಮ ಅಜ್ಜನ ಮನೆ ಶರಬತ್ತು, ಮೊದಲನೇ ಗುಟುಕು ನಂದೇ ಅಂತ ಡೀನಾ ತಮ್ಮನನ್ನೂ ಎಳ್ಕೊಂಡು ಹೋದಳು. ಯಾಕೆ ಮಾವ? ಮಾವ, ಏನಾಯ್ತು?"

ಅವನು ಅಷ್ಟರಲ್ಲಿ ಮೆಟ್ಟಿಲಲ್ಲಿದ್ದ. ಮಂದಿರ ಬೀದಿಯ ಆ ತುದಿಗೆ, ನೂರೈವತ್ತು ಹೆಜ್ಜೆ. ಕೊನೆಯ ಹಾಡು ನಡೆಯುತ್ತಿತ್ತು. ಇಡೀ ಸಭೆ ಒಟ್ಟಿಗೆ ಹಾಡುತ್ತಿತ್ತು, ಮಕ್ಕಳ ದನಿ ಎಲ್ಲಕ್ಕಿಂತ ಮೇಲೆ. ಕೂಗಬೇಕೆಂದು ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ. ಮಂಡಿ ಮಡಚಿ ದೀಪದ ಕಂಬ ಹಿಡಿದುಕೊಂಡ, ಮತ್ತೆ ಎದ್ದ, ಮತ್ತೆ ಓಡಿದ. ಎದುರಿಗೆ ಬಂದವರು "ಸಬ್ಬತ್ ಶುಭವಾಗಲಿ ಕಾಕಾ" ಎಂದು ನಕ್ಕು ದಾರಿ ಬಿಟ್ಟರು.

ಅರವತ್ತು ಹೆಜ್ಜೆ ಉಳಿದಿದ್ದಾಗ ಹಾಡು ನಿಂತಿತು.

ಹಾಡು ಮುಗಿದ ಮೇಲೆ ಮಂದಿರ ಯಾಕೆ ಹೀಗೆ ಥಟ್ಟನೆ ಮೌನವಾಗುತ್ತದೆ ಎಂದು ಮೊಹಲ್ಲಾದ ಕೂಸಿಗೂ ಗೊತ್ತು. ಹಜಾನರು ಬಟ್ಟಲು ಎತ್ತಿದ್ದರು.